ಗಮ್ ಬೂಟಿನೊಳಗಿನ ಹೆಬ್ಬೆರಳು: ಉಗುರು ಮಾಂಸಕ್ಕೆ ಇಳಿದಾಗ

[ದೃಶ್ಯ: ಸುರಿಯುವ ಮಳೆ. ಕಾಫಿ ತೋಟದ ಲೈನ್ ಮನೆಯ ಜಗಲಿಯಲ್ಲಿ ಒದ್ದೆ ಗಮ್ ಬೂಟುಗಳ ಸಾಲು.]

ನಮಸ್ಕಾರ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೆ ಕೊಡಗಿನ ತೋಟ, ಗದ್ದೆಗಳಲ್ಲಿ ದುಡಿಯುವವರ ಪಾದ ಒಣಗುವುದೇ ಅಪರೂಪ. ಗಮ್ ಬೂಟು ಹಾಕಿದರೆ ಜಿಗಣೆಯ ಕಾಟ ಕಡಿಮೆಯಾಗುತ್ತದೆ, ನಿಜ. ಆದರೆ ದಿನವಿಡೀ ಆ ರಬ್ಬರಿನೊಳಗೆ ಬೆವರಿನಲ್ಲಿ ನೆನೆದ ಹೆಬ್ಬೆರಳಿನ ಚರ್ಮ ಮೆತ್ತಗಾಗಿ, ಉಗುರಿನ ಅಂಚು ಸುಲಭವಾಗಿ ಒಳಗಿಳಿಯಲು ಎಡೆ ಮಾಡಿಕೊಡುತ್ತದೆ. ಹೀಗೆ ಪಕ್ಕದ ಮಾಂಸಕ್ಕೆ ನಾಟಿಕೊಳ್ಳುವ ಉಗುರನ್ನು ಒಳಬೆಳೆದ ಉಗುರು ಎನ್ನುತ್ತಾರೆ.

ಇದನ್ನೂ ಉಗುರುಸುತ್ತು ಎಂದೇ ಕರೆಯುವ ರೂಢಿಯಿದೆ, ಆದರೆ ಎರಡೂ ಒಂದೇ ಅಲ್ಲ. ಉಗುರುಸುತ್ತು ಎಂದರೆ ಉಗುರಿನ ಸುತ್ತಲಿನ ಚರ್ಮಕ್ಕೆ ತಗಲುವ ಸೋಂಕು. ಒಳಬೆಳೆದ ಉಗುರು ಆ ಸೋಂಕಿಗೆ ಒಂದು ಕಾರಣ. ಕೈಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕುಳಿತವರನ್ನು ನಾವೆಲ್ಲ ನೋಡಿದ್ದೇವೆ. ಕಾಲಿನ ಹೆಬ್ಬೆರಳಿಗೆ ಅದನ್ನೇ ಮಾಡಿದರೂ ಒಳಗೆ ಚುಚ್ಚಿಕೊಂಡಿರುವ ಉಗುರಿನ ಚೂರು ಅಲ್ಲಿಯೇ ಉಳಿಯುತ್ತದೆ.

[ದೃಶ್ಯ: ಹೆಬ್ಬೆರಳಿನ ರೇಖಾಚಿತ್ರ. ಉಗುರಿನ ಮೂಲೆ ಕೆಂಪು ಬಣ್ಣದಲ್ಲಿ.]

ಬಿಗಿಯಾದ ಶೂ, ಹಾಕಿ ಆಟದಲ್ಲಿ ಬೆರಳಿಗೆ ಬಿದ್ದ ಪೆಟ್ಟು, ಹುಟ್ಟಿನಿಂದಲೇ ಬಾಗಿದ ಉಗುರು, ಶಿಲೀಂಧ್ರ ತಗಲಿ ದಪ್ಪಗಾದ ಉಗುರು, ಇವೆಲ್ಲವೂ ಕಾರಣಗಳೇ. ಆದರೆ ನಮ್ಮ ಕೈಯಾರೆ ಆಗುವ ತಪ್ಪು, ಉಗುರಿನ ಮೂಲೆಯನ್ನು ದುಂಡಗೆ, ಆಳವಾಗಿ ಕತ್ತರಿಸುವುದು. ಮೂಲೆ ಹೋದ ಜಾಗದಲ್ಲಿ ಚರ್ಮ ಮೇಲೆದ್ದು ಕೂರುತ್ತದೆ. ನೈಲ್ ಕಟರಿಗೆ ಸಿಗದೆ ಆಳದಲ್ಲಿ ಉಳಿದ ಮುಳ್ಳಿನಂಥ ಚೂರು, ಉಗುರು ಮುಂದಕ್ಕೆ ಬೆಳೆದಂತೆಲ್ಲ ಆ ಚರ್ಮಕ್ಕೆ ಚುಚ್ಚುತ್ತದೆ. ನೋವಾಯಿತೆಂದು ಇನ್ನಷ್ಟು ಕತ್ತರಿಸಿದರೆ ನಾಲ್ಕು ದಿನ ಹಾಯೆನಿಸುತ್ತದೆ. ಕಾಲುಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಬೆಳೆಯುವುದರಿಂದ, ಕೆಲವು ವಾರಗಳಲ್ಲಿ ಅದೇ ಮುಳ್ಳು ಇನ್ನೂ ಆಳದಿಂದ ಮರಳಿ ಬರುತ್ತದೆ. ಈ ನಾಲ್ಕು ದಿನದ ಆರಾಮವೇ ಜನರನ್ನು ವರ್ಷಗಟ್ಟಲೆ ಮೋಸಗೊಳಿಸುತ್ತದೆ ಎಂಬುದು ನನ್ನ ಅನಿಸಿಕೆ. ಉಗುರಿನ ನಡುವೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕತ್ತರಿಸಿದರೆ ಅಂಚುಗಳು ಮಾಂಸದಿಂದ ಬಿಟ್ಟು ನಡುವಿನತ್ತ ಸರಿಯುತ್ತವೆ ಎಂಬ ನಂಬಿಕೆಯೂ ಇದೆ. ಉಗುರು ಬೆಳೆಯುವುದು ಬುಡದಿಂದ. ತುದಿಯಲ್ಲಿ ಏನು ಕೆತ್ತಿದರೂ ಬುಡಕ್ಕೆ ತಿಳಿಯುವುದಿಲ್ಲ.

ಆದ್ದರಿಂದ ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳು ಚರ್ಮದ ಮೇಲೆ ಕಾಣುವಷ್ಟು ಉದ್ದ ಬಿಡಬೇಕು. ಬೆರಳು ಆಡಿಸಲು ಜಾಗವಿರುವ ಬೂಟು ಕೊಳ್ಳಬೇಕು, ಒದ್ದೆಯಾದ ಕಾಲುಚೀಲವನ್ನು ಮಧ್ಯಾಹ್ನವೇ ಬದಲಿಸಬೇಕು.

[ದೃಶ್ಯ: ಬೋಗುಣಿಯ ಬೆಚ್ಚಗಿನ ನೀರಿನಲ್ಲಿ ಪಾದ.]

ಕೆಂಪು, ಊತ, ಒತ್ತಿದರೆ ನೋವು, ಇಷ್ಟೇ ಇದ್ದರೆ ಮನೆಯಲ್ಲಿಯೇ ಆರೈಕೆ ಮಾಡಬಹುದು. ದಿನಕ್ಕೆ ಮೂರು ನಾಲ್ಕು ಬಾರಿ, 15ರಿಂದ 20 ನಿಮಿಷ ಬೆಚ್ಚಗಿನ ನೀರಿನಲ್ಲಿ ಪಾದವನ್ನಿಟ್ಟು, ಚೆನ್ನಾಗಿ ಒರೆಸಿ, ಮೆತ್ತಗಾದ ಉಗುರಿನ ಅಂಚಿನ ಕೆಳಗೆ ಹತ್ತಿಯ ತೆಳು ಎಳೆಯೊಂದನ್ನು ಮೆಲ್ಲನೆ ತೂರಿಸಿ, ಅದನ್ನು ದಿನವೂ ಬದಲಿಸಬೇಕು. ಉಗುರು ಚರ್ಮವನ್ನು ದಾಟಿ ಬೆಳೆಯುವವರೆಗೆ ತಾಳ್ಮೆ ಬೇಕು.

ಕೀವು ಕಂಡರೆ, ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ ಅಂಚಿನಲ್ಲಿ ಉಬ್ಬಿದರೆ ವೈದ್ಯರಲ್ಲಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಅಷ್ಟರವರೆಗೂ ಕಾಯುವಂತಿಲ್ಲ. ಪಾದದ ಸ್ಪರ್ಶಜ್ಞಾನ, ರಕ್ತಸಂಚಾರ ಕುಂದಿರುವವರಲ್ಲಿ ನೋವು ತಿಳಿಯುವ ಮೊದಲೇ ಹುಣ್ಣು ಆಳಕ್ಕಿಳಿಯಬಹುದು. ಆಂಟಿಬಯೋಟಿಕ್ ಮಾತ್ರೆ ಸೋಂಕನ್ನು ತಗ್ಗಿಸೀತು, ಮುಳ್ಳನ್ನು ಕೀಳುವುದಿಲ್ಲ. ಅದಕ್ಕಾಗಿ ಬೆರಳಿಗೆ ಮಾತ್ರ ಅರಿವಳಿಕೆ ಚುಚ್ಚಿ, ಒಳಗಿಳಿದಿರುವ ಅಂಚಿನ ಪಟ್ಟಿಯನ್ನಷ್ಟೇ ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಪದೇ ಪದೇ ಮರುಕಳಿಸುತ್ತಿದ್ದರೆ ಆ ಭಾಗದ ಬುಡಕ್ಕೆ ಫೀನಾಲ್ ಎಂಬ ರಾಸಾಯನಿಕ ಹಚ್ಚಿ, ಅಷ್ಟು ಜಾಗದಲ್ಲಿ ಉಗುರು ಮತ್ತೆ ಹುಟ್ಟದಂತೆ ಮಾಡುತ್ತಾರೆ. ಉಗುರು ಸ್ವಲ್ಪ ಕಿರಿದಾಗಿ ಉಳಿಯುತ್ತದೆ, ಅಷ್ಟೆ. ಅದೇ ದಿನ ಮನೆಗೆ ಮರಳಬಹುದಾದರೂ, ಫೀನಾಲ್ ಹಚ್ಚಿದ ಗಾಯ ಪೂರ್ತಿ ಒಣಗಲು ಕೆಲವು ವಾರಗಳು ಬೇಕು, ಅಷ್ಟು ದಿನ ಗಮ್ ಬೂಟು ಹಾಕುವಂತಿಲ್ಲ. ಕೀವು ತುಂಬಿದ ಬೆರಳು ಯಾವ ಋತುವಿಗೂ ಕಾಯಬಾರದು. ಆಗಾಗ ಕಾಡಿ ಸದ್ಯಕ್ಕೆ ಸುಮ್ಮನಿರುವ ಉಗುರಾದರೆ, ಕಾಫಿ ಕೊಯ್ಲು ಮುಗಿದು ಮಳೆಗಾಲ ಇನ್ನೂ ಶುರುವಾಗದ ಏಪ್ರಿಲ್ ಒಳ್ಳೆಯ ಕಾಲ.