ತನ್ನ ಭಾರಕ್ಕೆ ತಾನೇ ಇಳಿಯುವ ಕಡಲ ತಳ

ಕೇಳುಗರಿಗೆ ನಮಸ್ಕಾರ.

1700ನೇ ಇಸವಿಯ ಜನವರಿ ಕೊನೆಯಲ್ಲಿ ಜಪಾನಿನ ಪೂರ್ವ ಕರಾವಳಿಗೆ ಸುನಾಮಿ ಬಂದು ಬಡಿಯಿತು. ಮನೆಗಳು ಹಾಳಾದವು, ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ಅಲ್ಲಿನ ಅಧಿಕಾರಿಗಳು, ವ್ಯಾಪಾರಿಗಳು ಇದನ್ನೆಲ್ಲ ಬರೆದಿಟ್ಟರು. ಆದರೆ ಅದಕ್ಕೂ ಮೊದಲು ನೆಲ ನಡುಗಿತು ಅಂತ ಮಾತ್ರ ಯಾರೂ ಬರೆಯಲಿಲ್ಲ. ನಡುಗಿದ್ದರೆ ತಾನೇ ಬರೆಯೋದು! ನೆಲ ನಡುಗಿದ್ದು ಪೆಸಿಫಿಕ್ ಸಾಗರದ ಆಚೆ ದಡದಲ್ಲಿ, ಉತ್ತರ ಅಮೆರಿಕದ ಕ್ಯಾಸ್ಕೇಡಿಯಾ ತೀರದಲ್ಲಿ. 1996ರಲ್ಲಿ ಜಪಾನಿನ ಭೂಕಂಪ ವಿಜ್ಞಾನಿ ಕೆಂಜಿ ಸತಾಕೆ ಮತ್ತು ಸಂಗಡಿಗರು ಅಲೆಗಳ ವೇಗವನ್ನು ಲೆಕ್ಕ ಹಾಕಿ, ಭೂಕಂಪ ಆಗಿದ್ದು ಅಮೆರಿಕದ ಜನವರಿ 26ರ ರಾತ್ರಿ ಸುಮಾರು 9 ಗಂಟೆಗೆ ಎಂದು ಹೇಳಿದರು.

ಇದಕ್ಕೆ ಮರಗಳ ಸಾಕ್ಷಿಯೂ ಇದೆ. ವಾಷಿಂಗ್ಟನ್ ರಾಜ್ಯದ ಕೊಪಾಲಿಸ್ ನದಿ ಕಡಲು ಸೇರುವ ಕಡೆ, ಜೌಗುಹುಲ್ಲಿನ ನಡುವೆ, ಒಣಗಿ ಬೂದಿಬಣ್ಣಕ್ಕೆ ತಿರುಗಿದ ಸೀಡರ್ ಮರಗಳು ನಿಂತಿವೆ. ಒಂದು ಕಾಲಕ್ಕೆ ಅದು ಕಾಡು. ನೆಲ ಒಂದೇ ಸಲಕ್ಕೆ ಕುಸಿಯಿತು, ಬೇರಿಗೆ ಉಪ್ಪುನೀರು ತಾಗಿತು, ಮರಗಳು ನಿಂತಲ್ಲೇ ಸತ್ತವು. ಮಣ್ಣಿನಲ್ಲಿ ಹೂತುಹೋಗಿದ್ದರಿಂದ ಬೇರುಗಳ ತೊಗಟೆ ಕೆಡದೆ ಉಳಿದಿತ್ತು. ಅವುಗಳ ಉಂಗುರಗಳನ್ನು ಎಣಿಸಿದಾಗ ಕೊನೆಯ ಉಂಗುರ 1699ರದ್ದು ಎಂದು ಗೊತ್ತಾಯಿತು. ಮುಂದಿನ ವರ್ಷದ ಉಂಗುರ ಬೆಳೆಯಲೇ ಇಲ್ಲ.

ನೆಲ ಯಾಕೆ ಕುಸಿಯಿತು? ಭೂಮಿಯ ಗಟ್ಟಿ ಹೊರಪದರ ದೊಡ್ಡ ದೊಡ್ಡ ತುಂಡುಗಳಾಗಿದೆ, ಅವಕ್ಕೆ ಫಲಕ ಅನ್ನುತ್ತಾರೆ. ಆ ತೀರದ ಕೆಳಗೆ ಕಡಲ ತಳದ ಒಂದು ಫಲಕ ಖಂಡದ ಅಡಿಗೆ ನುಗ್ಗುತ್ತಿದೆ. ಇಂಥ ಜಾಗಕ್ಕೆ ಸಬ್ಡಕ್ಷನ್ ವಲಯ ಅನ್ನುತ್ತಾರೆ. ಎರಡು ಫಲಕಗಳು ಉಜ್ಜುವ ಕಡೆ ಅವು ನೂರಾರು ವರ್ಷ ಕಚ್ಚಿಕೊಂಡು ನಿಲ್ಲುತ್ತವೆ. ಕೆಳಗಿನದು ಇಳಿಯುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಮೇಲಿನ ಫಲಕದ ತುದಿಯನ್ನೂ ಜೊತೆಗೆ ಎಳೆದು ಬಗ್ಗಿಸುತ್ತದೆ. ತುದಿ ಬಗ್ಗಿದಂತೆ ಹಿಂದಿನ ಕರಾವಳಿ ಸ್ವಲ್ಪ ಸ್ವಲ್ಪವೇ ಉಬ್ಬುತ್ತದೆ. ಒಂದು ದಿನ ಕಚ್ಚು ಬಿಡುತ್ತದೆ. ತುದಿ ಮೇಲಕ್ಕೆ ಚಿಮ್ಮಿ ಸಮುದ್ರವನ್ನೇ ಎತ್ತುತ್ತದೆ, ಅದೇ ಸುನಾಮಿ. ಉಬ್ಬಿದ್ದ ಕರಾವಳಿ ಇಳಿದುಬಿಡುತ್ತದೆ. ಸೀಡರ್ ಕಾಡು ಮುಳುಗಿದ್ದು ಹೀಗೆ. 2011ರಲ್ಲಿ ಜಪಾನಿನಲ್ಲೂ ಇದೇ ಆಯಿತು. ಒಶಿಕಾ ಪರ್ಯಾಯ ದ್ವೀಪ ಸುಮಾರು 5 ಮೀಟರ್ ಪೂರ್ವಕ್ಕೆ ಸರಿಯಿತು, 1 ಮೀಟರಿನಷ್ಟು ಕುಸಿಯಿತು. ಉಪಕರಣಗಳು ದಾಖಲಿಸಿದ ಅತಿ ದೊಡ್ಡ ಭೂಕಂಪ, 1960ರ ಚಿಲಿಯ 9.5 ತೀವ್ರತೆಯದ್ದು, ಆಗಿದ್ದೂ ಇಂಥ ಕಡೆಯೇ.

ಸರಿ, ಆ ಫಲಕವನ್ನು ಕೆಳಗೆ ತಳ್ಳುವವರು ಯಾರು? ಹಿಂದಿನಿಂದ ಯಾವುದೋ ಶಕ್ತಿ ನೂಕುತ್ತಿರಬೇಕು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಒಂದಷ್ಟು ನೂಕು ಇದೆ, ಇಲ್ಲ ಅಂತಲ್ಲ. ಆದರೆ ಮುಖ್ಯ ಕೆಲಸ ಮಾಡುವುದು ಫಲಕದ ತೂಕ. ಕಡಲ ನಡುವಿನ ಬಿರುಕುಗಳಲ್ಲಿ ಹುಟ್ಟುವಾಗ ಈ ತಳ ಬಿಸಿ, ಹಗುರ. ಅಲ್ಲಿಂದ ದೂರ ಸರಿಯುತ್ತಾ ತಣ್ಣಗಾಗುತ್ತದೆ, ದಪ್ಪವಾಗುತ್ತದೆ. ಕೆಲವು ಕೋಟಿ ವರ್ಷ ಕಳೆಯುವಷ್ಟರಲ್ಲಿ ತನ್ನ ಕೆಳಗಿನ ಬಿಸಿ ಕಲ್ಲಿಗಿಂತ ಜಾಸ್ತಿ ಸಾಂದ್ರವಾಗುತ್ತದೆ. ಬಾವಿಕಟ್ಟೆಯ ಮೇಲೆ ಸುತ್ತಿಟ್ಟ ಹಗ್ಗದ ಒಂದು ತುದಿ ಸಾಕಷ್ಟು ಒಳಗೆ ಜಾರಿದರೆ ಉಳಿದದ್ದೂ ಸರಸರನೆ ಹಿಂದೆಯೇ ಹೋಗುತ್ತದಲ್ಲ, ಹಾಗೆ. ಆಳಕ್ಕೆ ಹೋದಂತೆ ಒತ್ತಡಕ್ಕೆ ಸಿಕ್ಕಿ ಫಲಕದ ಬಸಾಲ್ಟ್ ಕಲ್ಲು ಎಕ್ಲೊಗೈಟ್ ಎಂಬ ಇನ್ನೂ ಭಾರದ ಕಲ್ಲಾಗುತ್ತದೆ, ಎಳೆತ ಹೆಚ್ಚುತ್ತದೆ. ಅಂಚಿನಲ್ಲಿ ಹೀಗೆ ಇಳಿಯುತ್ತಿರುವ ಪೆಸಿಫಿಕ್ ಮತ್ತು ನಾಜ್ಕಾ ಫಲಕಗಳು ಬೇಗ ಬೇಗ ಸರಿಯುತ್ತವೆ. ಅಂಥ ಎಳೆತವಿಲ್ಲದ ಯುರೇಷಿಯಾ ಫಲಕ ನಿಧಾನ. ನನಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಫಲಕ ಒಳಗೆ ಬಾಗುವ ಕಡೆ ಕಡಲ ತಳದಲ್ಲಿ ಉದ್ದನೆಯ, ಆಳದ ಕಂದಕ ಇರುತ್ತದೆ. ಪಶ್ಚಿಮ ಪೆಸಿಫಿಕ್‌ನ ಮರಿಯಾನಾ ಕಂದಕದ ಬಳಿ ಇಳಿಯುತ್ತಿರುವ ತಳಕ್ಕೆ 15 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅದು ಆಳದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಕೆಳಗೆ ಹೋಗುತ್ತದೆ. ಅಲ್ಲಿ ಸಮುದ್ರದ ಆಳ ಸುಮಾರು 11 ಕಿಲೋಮೀಟರ್. ಚಿಲಿಯ ಕೆಳಗಿನ ನಾಜ್ಕಾ ಫಲಕ ಇನ್ನೂ ಎಳೆಯದು. ಅದು ಓರೆಯಾಗಿ ನುಗ್ಗುತ್ತದೆ, ಮೇಲಿನ ಖಂಡವನ್ನು ಒತ್ತುತ್ತದೆ. ಆಂಡಿಸ್ ಪರ್ವತಗಳು ಎದ್ದದ್ದು ಈ ಒತ್ತಡದಲ್ಲೇ.

ಹಾಗೆ ಇಳಿದದ್ದು ಎಲ್ಲಿಯವರೆಗೆ ಹೋಗುತ್ತದೆ? ಜಪಾನಿನ ಕಿಯೂ ವದಾತಿ, ಆಮೇಲೆ ಅಮೆರಿಕದ ಹ್ಯೂಗೊ ಬೆನಿಯೋಫ್ ಭೂಕಂಪಗಳ ಆಳವನ್ನು ಗುರುತಿಸುತ್ತಾ ಹೋದರು. ಕಂದಕದಿಂದ ಓರೆಯಾಗಿ ಕೆಳಗಿಳಿಯುವ ಒಂದು ಪಟ್ಟಿಯೇ ಕಾಣಿಸಿತು. ಸುಮಾರು 700 ಕಿಲೋಮೀಟರ್ ಆಳದವರೆಗೂ ಕಂಪನಗಳಿದ್ದವು. ಫಲಕಗಳ ಸಿದ್ಧಾಂತ ಬರುವ ಮೊದಲೇ ಇದು ನಡೆದದ್ದು. ಸುಮ್ನೆ ಚುಕ್ಕೆ ಇಟ್ಟು ನೋಡಿದವರಿಗೆ ಮುಳುಗುತ್ತಿರುವ ಕಡಲ ತಳ ಸಿಕ್ಕಿತ್ತು.

ಇನ್ನು ಜ್ವಾಲಾಮುಖಿ. ಇಳಿಯುವ ಫಲಕ ತಣ್ಣಗಿರುತ್ತದೆ, ಹಾಗಿರುವಾಗ ಬೆಂಕಿ ಎಲ್ಲಿಂದ? ನೀರಿನಿಂದ! ಕಡಲ ತಳದ ಕಲ್ಲುಗಳ ಒಳಗೆ, ಖನಿಜಗಳಲ್ಲೇ ನೀರು ಬೆರೆತಿರುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ ಅದು ಹಿಂಡಿದಂತೆ ಹೊರಬಂದು ಮೇಲಿನ ಬಿಸಿ ಕಲ್ಲಿಗೆ ಸೇರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಶಾಖಕ್ಕೇ ಕರಗುತ್ತದೆ. ಕರಗಿದ್ದು ಮೇಲೇರುತ್ತದೆ. ಅದಕ್ಕೇ ಕಂದಕಕ್ಕೆ ಸಮಾನಾಂತರವಾಗಿ, ಸ್ವಲ್ಪ ಒಳನಾಡಿನಲ್ಲಿ, ಜ್ವಾಲಾಮುಖಿಗಳು ಸಾಲಾಗಿ ನಿಂತಿರುತ್ತವೆ. ಆ ಶಿಲಾರಸ ಅಂಟಂಟು, ಒಳಗೆ ಆವಿ ತುಂಬಿರುತ್ತದೆ. ಹವಾಯಿಯ ಲಾವಾದಂತೆ ಹರಿಯದೆ ಸಿಡಿಯುವುದೇ ಹೆಚ್ಚು. 1980ರಲ್ಲಿ ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದದ್ದು ಹಾಗೆ.

ಕಷ್ಟದ ಪ್ರಶ್ನೆ ಒಂದಿದೆ. ಮೊದಲ ತುದಿ ಒಳಗೆ ಹೋಗುವುದು ಹೇಗೆ? ಹಳೆಯ ಫಲಕ ಭಾರ ನಿಜ, ಆದರೆ ಗಟ್ಟಿಯೂ ಹೌದು, ಸುಲಭಕ್ಕೆ ಮುರಿಯುವುದಿಲ್ಲ. ಅಟ್ಲಾಂಟಿಕ್ ಸಾಗರದ ಅಂಚುಗಳು ಅಷ್ಟು ಹಳೆಯದಾದರೂ, ಕೆರಿಬಿಯನ್ ಮತ್ತು ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳಂಥ ಒಂದೆರಡು ಕಡೆ ಬಿಟ್ಟರೆ ಎಲ್ಲೂ ಇಳಿಯುತ್ತಿಲ್ಲ. ಬಹುಶಃ ಮೊದಲೇ ಇದ್ದ ಯಾವುದೋ ದುರ್ಬಲ ಬಿರುಕು ಬೇಕು. ಜಪಾನಿನ ದಕ್ಷಿಣದಿಂದ ಮರಿಯಾನಾವರೆಗಿನ ವಲಯ ಶುರುವಾದದ್ದು ಸುಮಾರು 5.2 ಕೋಟಿ ವರ್ಷಗಳ ಹಿಂದೆ. 2014ರಲ್ಲಿ ವಿಜ್ಞಾನಿಗಳು ಅಲ್ಲಿನ ಕಡಲ ತಳವನ್ನು ಕೊರೆದು ಆರಂಭ ಕಾಲದ ಲಾವಾವನ್ನೇ ಹೊರತೆಗೆದರು. ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಪ್ಯುಸೆಗರ್ ಕಂದಕದಲ್ಲಿ ಇದೇ ಕೆಲಸ ಈಗ ನಡೆಯುತ್ತಿದೆ. ಅಲ್ಲಿ ಮೊದಲು ಫಲಕಗಳ ಪಕ್ಕದ ಒತ್ತಡವೇ ತುದಿಯನ್ನು ಒಳಗೆ ನೂಕಿತು. ಈಗ ಆ ತುಂಡು ತಾನೇ ಎಳೆದುಕೊಳ್ಳಲು ಶುರುಮಾಡುತ್ತಿರುವ ಸೂಚನೆಗಳಿವೆ.

ನಮಸ್ಕಾರ.