ಅರ್ಧ ಸೆಕೆಂಡ್ ಯಾಕೆ ತಡ?

ಮುಕ್ತ ತಂತ್ರಾಂಶದ ಕೋಡ್ ಎಲ್ಲರೂ ನೋಡಬಹುದು, ಹಾಗಾಗಿ ಅದು ಸೇಫ್ ಅನ್ನುವ ಮಾತಿದೆ. ಎಕ್ಸ್‌ಝಡ್ ಪ್ರಕರಣ ನೋಡಿದ ಮೇಲೆ ಆ ಮಾತನ್ನು ನಾನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಎಕ್ಸ್‌ಝಡ್ ಫೈಲ್ ಕುಗ್ಗಿಸುವ ಚಿಕ್ಕ ತಂತ್ರಾಂಶ. ಸರ್ವರ್‌ಗಳಲ್ಲಿ ಹೆಚ್ಚು ಬಳಸುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ ಹೆಚ್ಚುಕಮ್ಮಿ ಎಲ್ಲ ರೂಪಗಳಲ್ಲೂ ಇರುತ್ತದೆ. ವರ್ಷಗಟ್ಟಲೆ ಅದನ್ನು ನೋಡಿಕೊಂಡವರು ಲಾಸ್ಸೆ ಕಾಲಿನ್. ಸಂಬಳ ಇಲ್ಲ, ಬಿಡುವಿನಲ್ಲಿ ಮಾಡುವ ಕೆಲಸ. 2022ರಲ್ಲಿ ಕೆಲವರು ಅವರ ಬೆನ್ನು ಬಿದ್ದರು. ಯಾಕಿಷ್ಟು ತಡ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ಮಾನಸಿಕ ಆರೋಗ್ಯದ ತೊಂದರೆ ಇದೆ ಅಂತ ಅವರು ಬಾಯಿಬಿಟ್ಟು ಹೇಳಿದರೂ ಬಿಡಲಿಲ್ಲ. ಇದು ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು. ಕೊನೆಗೆ ಜವಾಬ್ದಾರಿ ಹಂಚಿಕೊಂಡದ್ದು 'ಜಿಯಾ ಟಾನ್' ಎಂಬ ಹೆಸರಿನವರು. 2024ರಲ್ಲಿ ಅದೇ ಹೆಸರಿನಿಂದ ಬಂದ 5.6.0 ಆವೃತ್ತಿಯಲ್ಲಿ ಹಿಂಬಾಗಿಲಿತ್ತು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೇ ಗುರಿ.

ಕೋಡ್ ತೆರೆದೇ ಇತ್ತಲ್ವಾ? ಇತ್ತು. ಆದರೆ ವಿಷವನ್ನು ಟೆಸ್ಟ್ ಫೈಲ್‌ಗಳೊಳಗೆ ಅಡಗಿಸಿದ್ದರು. ಅದನ್ನು ಹೊರತೆಗೆಯುವ ಸ್ಕ್ರಿಪ್ಟ್ ಎಲ್ಲರೂ ಕೋಡ್ ನೋಡುವ ಗಿಟ್ ಸಂಗ್ರಹದಲ್ಲಿ ಇರಲೇ ಇಲ್ಲ, ಬಿಡುಗಡೆ ಮಾಡಿದ ಟಾರ್‌ಬಾಲ್‌ನಲ್ಲಿ (ಕೋಡ್ ಕಟ್ಟಿ ಹಂಚುವ ಫೈಲ್‌ನಲ್ಲಿ) ಮಾತ್ರ ಇತ್ತು.

ಹಿಡಿದವರು ಆಂಡ್ರೆಸ್ ಫ್ರಾಯ್ಂಡ್. ಮೈಕ್ರೋಸಾಫ್ಟ್ ಉದ್ಯೋಗಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರಲ್ಲಿ ಒಬ್ಬರು. ಇಲ್ಲದ ಹೆಸರಲ್ಲಿ ಲಾಗಿನ್ ಮಾಡಿದರೆ 0.3 ಸೆಕೆಂಡ್‌ನಲ್ಲಿ ಮುಗಿಯುತ್ತಿದ್ದದ್ದು 0.8 ಸೆಕೆಂಡ್ ಆಗಿತ್ತು. ಅರ್ಧ ಸೆಕೆಂಡ್ ಅಂತ ಅವರು ಸುಮ್ನೆ ಬಿಡಲಿಲ್ಲ. ಕೆದಕುತ್ತಾ ಹೋಗಿ ಎಕ್ಸ್‌ಝಡ್ ತನಕ ತಲುಪಿದರು, ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನ ಸ್ಥಿರ ಆವೃತ್ತಿಗೆ ಆ ಹಿಂಬಾಗಿಲು ಇನ್ನೂ ಬಂದಿರಲಿಲ್ಲ.

ಮುಚ್ಚಿದ ತಂತ್ರಾಂಶ ಆಗಿದ್ದರೆ? ತಡ ಆಗುವುದು ಕಾಣುತ್ತಿತ್ತು. ಕಂಪನಿಗೆ ದೂರು ಬರೆದು ಕಾಯಬೇಕಿತ್ತು. ಇಲ್ಲಿ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಸ್ವಾತಂತ್ರ್ಯ ಕೊಡುವ ಭದ್ರತೆ ಇಷ್ಟೇ, ಮತ್ತು ಇದು ದೊಡ್ಡದು. ಆದರೆ ನೋಡುವ ಹಕ್ಕಿದೆ ಅಂದ ಮಾತ್ರಕ್ಕೆ ಯಾರೋ ನೋಡುತ್ತಿದ್ದಾರೆ ಅಂತಲ್ಲ. ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ 2012ರಿಂದ 2014ರವರೆಗೆ ಎಲ್ಲರ ಕಣ್ಣೆದುರೇ ಇತ್ತು.

ನೋಡುವವರಿಗೆ ದುಡ್ಡು ಕೊಡಬೇಕು, ಸಮಯ ಕೊಡಬೇಕು. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರಲ್ಲಿ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಘೋಷಿಸಿತು. ಇದೇ ಊರಿನಲ್ಲಿ ಲಿನಕ್ಸ್ ಮೇಲೆ ಕೋಟಿಗಟ್ಟಲೆ ದುಡಿಯುವ ಕಂಪನಿಗಳು ಇನ್ನೆಷ್ಟಿಲ್ಲ! ನೀವು ಅಂಥ ಕಡೆ ಕೆಲಸ ಮಾಡುತ್ತಿದ್ದರೆ, ನಮ್ಮ ಸರ್ವರ್‌ನಲ್ಲಿರುವ ಎಕ್ಸ್‌ಝಡ್‌ನಂಥ ಲೈಬ್ರರಿಗಳನ್ನು ನೋಡಿಕೊಳ್ಳುವವರು ಯಾರು, ಅವರಿಗೆ ನಾವೇನು ಕೊಡುತ್ತಿದ್ದೇವೆ ಅಂತ ಮುಂದಿನ ಮೀಟಿಂಗ್‌ನಲ್ಲಿ ಕೇಳಿ.