ನೋಡಿದೆ, ಆದರೆ ಕಾಣಲಿಲ್ಲ

ಕೇಳುಗರಿಗೆ ನಮಸ್ಕಾರ.

“ಕಪಾಟಿನಲ್ಲಿ ನೋಡಿದೆ, ಆದರೆ ಕನ್ನಡಕ ಕಾಣಲಿಲ್ಲ.” ಮನೆಮನೆಯಲ್ಲೂ ಕೇಳಿಬರುವ ಮಾತು ಇದು. ಇದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎರಡೂ ಕಡೆ ‘ಸೀ’ ಎಂಬ ಕ್ರಿಯಾಪದವನ್ನೇ ಬಳಸುತ್ತಾರೆ. ಆಗ ಅದು ‘ಕಂಡೆ, ಆದರೆ ಕಾಣಲಿಲ್ಲ’ ಎಂದಂತಾಗುತ್ತದೆ. ಮೊದಲನೆಯದು ‘ಲುಕ್’ ಆಗಬೇಕಿತ್ತು, ಎರಡನೆಯದು ‘ಸೀ’.

‘ನೋಡು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಸೀ, ಲುಕ್, ವಾಚ್ ಎಂಬ ಮೂರು ಪದಗಳಿವೆ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಮಕ್ಕಳು ಮೂರನ್ನೂ ಕಲಿಯುತ್ತಾರೆ, ಆದರೆ ಎಲ್ಲಿ ಯಾವುದು ಎಂಬುದು ಮಾತ್ರ ಪರೀಕ್ಷೆ ಮುಗಿದರೂ ತಿಳಿಯುವುದಿಲ್ಲ. ಇಂಗ್ಲಿಷ್ ಕಲಿಸುವ ನನಗೆ ಇದು ಬಹಳ ಸಂಕಟದ ವಿಷಯ. ಏಕೆಂದರೆ ಈ ವ್ಯತ್ಯಾಸ ಆ ಮಕ್ಕಳಿಗೆ ಆಗಲೇ ಗೊತ್ತಿದೆ. ಕನ್ನಡದಲ್ಲಿ ಅದನ್ನು ದಿನಕ್ಕೆ ನೂರು ಸಲ ಅವರೇ ಆಡುತ್ತಾರೆ.

ಗಮನಿಸಿ: ‘ನಾನು ನೋಡಿದೆ’ ಎನ್ನುತ್ತೇವೆ, ‘ನನಗೆ ಕಾಣಿಸಿತು’ ಎನ್ನುತ್ತೇವೆ. ಮೊದಲನೆಯದರಲ್ಲಿ ನಾನು ಕಣ್ಣು ಹಾಯಿಸಿದ್ದೇನೆ, ಕೆಲಸ ನನ್ನದು. ಎರಡನೆಯದರಲ್ಲಿ ವಸ್ತು ತಾನಾಗಿ ಕಣ್ಣಿಗೆ ಬಂದಿದೆ, ನಾನು ಪಡೆದುಕೊಂಡವನು ಅಷ್ಟೇ. ‘ನಾನು’ ಇದ್ದಲ್ಲಿ ಲುಕ್, ‘ನನಗೆ’ ಇದ್ದಲ್ಲಿ ಸೀ. ಕಿವಿಗೂ ಇದೇ ಲೆಕ್ಕ. ನನಗೆ ಗುಡುಗು ಕೇಳಿಸಿತು, ಅದು ಹಿಯರ್. ನಾನು ಕಿವಿಗೊಟ್ಟು ವಾರ್ತೆ ಕೇಳಿದೆ, ಅದು ಲಿಸನ್. ಲುಕ್ ಆದ ಮೇಲೆ ‘ಆ್ಯಟ್’, ಲಿಸನ್ ಆದ ಮೇಲೆ ‘ಟು’ ಏಕೆ ಬೇಕು ಎಂಬುದೂ ಇಲ್ಲಿಂದಲೇ ಮನಸ್ಸಿಗೆ ಹತ್ತುತ್ತದೆ. ನಮ್ಮ ಗಮನ ವಸ್ತುವಿನ ಕಡೆಗೆ ಹೊರಟಿದೆ, ಆ ‘ಕಡೆಗೆ’ ಎಂಬುದನ್ನು ಇಂಗ್ಲಿಷ್ ಬಿಡಿಸಿ ಹೇಳುತ್ತದೆ. ಸೀ, ಹಿಯರ್ ಎಂಬಲ್ಲಿ ನಾವು ಎಲ್ಲಿಗೂ ಹೊರಟಿಲ್ಲ, ಆದ್ದರಿಂದ ಆ ಪುಟ್ಟ ಪದವೂ ಬೇಕಿಲ್ಲ.

‘ನಿನ್ನೆ ಸಂತೆಯಲ್ಲಿ ನಿಮ್ಮ ತಮ್ಮನನ್ನು ನೋಡಿದೆ’ ಎನ್ನುವಾಗ ‘ನಾನು’ ಇದೆಯಲ್ಲ, ಅದು ಲುಕ್ ಆಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಆ ಮಾತನ್ನು ‘ನಿಮ್ಮ ತಮ್ಮ ನನ್ನ ಕಣ್ಣಿಗೆ ಬಿದ್ದ’ ಎಂದು ತಿರುಗಿಸಿ ಹೇಳಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ಬಂದರೆ ಸೀ. ಇನ್ನು ವಾಚ್ ಎಂಬುದು ಚಲಿಸುವ, ಬದಲಾಗುವ ವಸ್ತುವಿನ ಮೇಲೆ ಇಟ್ಟ ಕಣ್ಣು: ಕ್ರಿಕೆಟ್ ಪಂದ್ಯ, ಅಂಗಳದಲ್ಲಿ ಆಡುವ ಮಗು, ಒಲೆಯ ಮೇಲಿನ ಹಾಲು. ಗೋಡೆಯ ಮೇಲಿನ ಫೋಟೊ ಅಲುಗುವುದಿಲ್ಲ, ಅದಕ್ಕೆ ಲುಕ್ ಸಾಕು.

‘ಐ ಆ್ಯಮ್ ಸೀಯಿಂಗ್ ಎ ಬರ್ಡ್’ ಎಂದವರನ್ನು ನೋಡಿ ನಗುವವರಿದ್ದಾರೆ. ದಯವಿಟ್ಟು ನಗಬೇಡಿ. ‘ನನಗೆ ಹಕ್ಕಿ ಕಾಣಿಸುತ್ತಿದೆ’ ಎಂಬ ಶುದ್ಧ ಕನ್ನಡದ ವಿವೇಕವೇ ಅಲ್ಲಿ ಕೆಲಸ ಮಾಡಿದೆ. ಇಂಗ್ಲಿಷಿನವರು ಮಾತ್ರ ತಾನಾಗಿ ಒದಗುವ ಅನುಭವವನ್ನು ನಡೆಯುತ್ತಿರುವ ಕೆಲಸವೆಂದು ಎಣಿಸುವುದಿಲ್ಲ. ಅಂಥಲ್ಲಿ ಅವರು ‘ಕ್ಯಾನ್ ಸೀ’, ‘ಕ್ಯಾನ್ ಹಿಯರ್’ ಎನ್ನುತ್ತಾರೆ. ವ್ಯಕ್ತಿಯೊಬ್ಬರ ಬಗ್ಗೆ ‘ಸೀಯಿಂಗ್’ ಎಂದರೆ ಅವರೊಂದಿಗೆ ಪ್ರೀತಿಯ ಒಡನಾಟವಿದೆ ಎಂಬ ಅರ್ಥವೇ ಬಂದುಬಿಡುತ್ತದೆ.

ನೋಟದ ಬಗೆಗಳಿಗೆ ಬಂದರೆ ಎರಡು ಭಾಷೆಗಳೂ ಸಿರಿವಂತ ಭಾಷೆಗಳೇ. ನಾವು ನೋಡು ಎಂಬ ಒಂದೇ ಬೇರನ್ನಿಟ್ಟುಕೊಂಡು ಅದರ ಮುಂದೆ ಬಣ್ಣ ಕಟ್ಟುತ್ತೇವೆ: ದುರುಗುಟ್ಟಿ ನೋಡು, ಇಣುಕಿ ನೋಡು, ಪಿಳಿಪಿಳಿ ನೋಡು, ಎವೆಯಿಕ್ಕದೆ ನೋಡು. ಇಂಗ್ಲಿಷ್ ಆ ಬಣ್ಣವನ್ನು ಕ್ರಿಯಾಪದದ ಒಳಗೇ ಅಡಗಿಸುತ್ತದೆ: ಗ್ಲೇರ್, ಪೀಪ್, ಬ್ಲಿಂಕ್, ಗೇಝ್. ಇವುಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಎಂಬ ಜೋಡಿ. ತೇರಿನ ದಿನ ಜನಜಂಗುಳಿಯ ನಡುವೆ, ಯಾರದೋ ಭುಜದ ಸಂದಿಯಿಂದ, ಉತ್ಸವಮೂರ್ತಿಯ ಕಿರೀಟವಷ್ಟೇ ಮಿಂಚಿ ಮರೆಯಾಯಿತು ಎನ್ನಿ. ಅದು ಗ್ಲಿಂಪ್ಸ್, ನನಗೆ ಸಿಕ್ಕಿದ್ದು. ಅದೇ ಗದ್ದಲದಲ್ಲಿ ಹೊತ್ತೆಷ್ಟಾಯಿತೆಂದು ಕೈಗಡಿಯಾರದತ್ತ ಕಣ್ಣು ಹೊರಳಿಸಿದೆ. ಅದು ಗ್ಲಾನ್ಸ್, ನಾನು ಮಾಡಿದ್ದು. ಮತ್ತೆ ಅದೇ ನನಗೆ, ಅದೇ ನಾನು.

ಕಣ್ಣು, ಕಿವಿಗಳನ್ನು ದಾಟಿ ಮೂಗು, ನಾಲಿಗೆ, ಚರ್ಮಕ್ಕೆ ಬಂದರೆ ಇಂಗ್ಲಿಷ್ ಇದ್ದಕ್ಕಿದ್ದಂತೆ ಬಡವಾಗುತ್ತದೆ. ನಾನು ಹೂವನ್ನು ಮೂಸಿದೆ, ನನಗೆ ಹೊಗೆಯ ವಾಸನೆ ಬಡಿಯಿತು, ಸಾಬೂನು ಘಮಘಮಿಸುತ್ತಿದೆ: ಮೂರಕ್ಕೂ ‘ಸ್ಮೆಲ್’ ಒಂದೇ. ಸ್ವೀಡನ್ನಿನ ಭಾಷಾವಿಜ್ಞಾನಿ ಓಕೆ ವೀಬೆರಿ ಸುಮಾರು 50 ಭಾಷೆಗಳನ್ನು ಹೋಲಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂದ್ರಿಯಗಳ ಕ್ರಿಯಾಪದಗಳಲ್ಲಿ ಕಣ್ಣಿಗೇ ಅಗ್ರಸ್ಥಾನ, ನಂತರ ಕಿವಿಗೆ, ರುಚಿ ಮತ್ತು ವಾಸನೆಗೆ ಕೊನೆಯ ಸ್ಥಾನ ಎಂದು ತೋರಿಸಿದರು. ಎಲ್ಲರ ಮೂಗೂ ಹೀಗೆ ಮೂಕವಲ್ಲ. ಮಲಯ ಪರ್ಯಾಯದ್ವೀಪದ ಕಾಡುಗಳಲ್ಲಿ ಬಾಳುವ ಜಹಾಯ್ ಜನರ ಮಾತಿನಲ್ಲಿ ವಾಸನೆಗೆಂದೇ ಹತ್ತು ಹನ್ನೆರಡು ಸ್ವತಂತ್ರ ಪದಗಳಿವೆ. ನಾವು ಕೆಂಪು, ಹಸಿರು ಎನ್ನುವಷ್ಟು ಸಲೀಸಾಗಿ ಅವರು ವಾಸನೆಯನ್ನು ಹೆಸರಿಸುತ್ತಾರೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅದೇ ಕೆಲಸ ಕೊಟ್ಟಾಗ ಇಂಗ್ಲಿಷ್ ಮಾತಾಡುವವರು ತಡಬಡಾಯಿಸಿದರು.

‘ಸ್ಮೆಲ್’ ಬಳಸುವಾಗ ಒಂದು ಎಚ್ಚರ ಬೇಕು. ‘ಇಟ್ ಸ್ಮೆಲ್ಸ್’ ಎಂದು ಅಲ್ಲಿಗೇ ನಿಲ್ಲಿಸಿದರೆ ಅದು ನಾರುತ್ತಿದೆ ಎಂದೇ ಅರ್ಥ. ಊಟಕ್ಕೆ ಕರೆದವರ ಅಡುಗೆಮನೆಯನ್ನು ಮೆಚ್ಚುವುದಾದರೆ ‘ಗುಡ್’ ಎಂದು ಸೇರಿಸಲೇಬೇಕು. ನಮ್ಮ ‘ನಾರು’ ಪದದ ಕಥೆಯೂ ಇಂಥದ್ದೇ. ಹಿಂದೆ ಅದು ಯಾವ ವಾಸನೆಗೂ, ಪರಿಮಳಕ್ಕೂ ಸಲ್ಲುತ್ತಿತ್ತು. ಅದೇ ಬೇರಿನ ‘ನರುಗಂಪು’ ಇಂದಿಗೂ ತನ್ನ ಮಾನ ಉಳಿಸಿಕೊಂಡಿದೆ. ಇಂಗ್ಲಿಷಿನ ‘ಸ್ಟಿಂಕ್’ ಕೂಡ ಹಳೆಯ ಕಾಲದಲ್ಲಿ ಸುವಾಸನೆಗೂ ಬಳಕೆಯಾಗುತ್ತಿದ್ದ ಪದ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳಲ್ಲಿ ಎರಡು ಪದಗಳಿಗೆ ಒಂದೇ ಗತಿ ಬಂದದ್ದು ನನಗೆ ಇಂದಿಗೂ ವಿಸ್ಮಯ.

ಅಡುಗೆಮನೆಯಲ್ಲಿ ನಮ್ಮ ಮೂಗು ಬಹಳ ಚುರುಕು. ಮಳೆಗಾಲದ ಹಾಸಿಗೆಯ ಮುಗ್ಗಲು ವಾಸನೆ, ಹಳೆಯ ಎಣ್ಣೆಯ ಕಮಟು, ತಳ ಹಿಡಿದ ಅನ್ನದ ಸೀದ ವಾಸನೆ. ಇವಕ್ಕೆ ಕ್ರಮವಾಗಿ ಮಸ್ಟಿ, ರಾನ್ಸಿಡ್, ಬರ್ನ್ಟ್ ಎಂಬ ನೇರ ಪದಗಳಿವೆ. ಆದರೆ ‘ಹಸಿ ವಾಸನೆ ಹೋಗುವ ತನಕ ಹುರಿಯಿರಿ’ ಎನ್ನುತ್ತೇವಲ್ಲ, ಅದನ್ನು ಭಾರತೀಯ ಅಡುಗೆ ಬರೆಯುವವರು ‘ರಾ ಸ್ಮೆಲ್’ ಎಂದು ಇಂಗ್ಲಿಷಿಗೆ ಒಯ್ದಿದ್ದಾರೆ. ಶುಂಠಿ, ಬೆಳ್ಳುಳ್ಳಿ ಅರೆದು ಬಾಣಲೆಗೆ ಹಾಕಿದವರಿಗೆ ಅದು ಎಷ್ಟು ಕರಾರುವಾಕ್ಕಾದ ಮಾತೆಂದು ಗೊತ್ತು. ಅದನ್ನು ತಿದ್ದಲು ಹೋಗಬೇಡಿ, ಇಂಗ್ಲಿಷಿಗೆ ಅದು ನಾವು ಕೊಟ್ಟ ಕಾಣಿಕೆ. ಖಾರಕ್ಕೆ ಮಾತ್ರ ‘ಹಾಟ್’ ಎಂದರೆ ಬಿಸಿ ಎಂದೂ ತಿಳಿದಾರು, ‘ಚಿಲಿ’ ಎಂಬ ಪದ ಜೊತೆಗಿರಲಿ. ಬಾಳೆಕಾಯಿ, ನೇರಳೆಯ ಒಗರಿಗೆ ‘ಆಸ್ಟ್ರಿಂಜೆಂಟ್’ ಎಂಬ ಪದವಿದೆ.

ಈ ಪದಗಳು ತಪ್ಪಿದರೆ ಊಟದ ಮನೆಯಲ್ಲಿ ಹೆಚ್ಚೇನೂ ಆಗದು. ವೈದ್ಯರ ಮುಂದೆ ಹಾಗಲ್ಲ. ಮಕ್ಕಳ ಮನೆಗೆಂದು ಹೊರದೇಶಕ್ಕೆ ಹೋಗುವ ಹಿರಿಯರನ್ನು ನೆನೆದೇ ನಾನು ಈ ಭಾಷಣಕ್ಕೆ ಒಪ್ಪಿಕೊಂಡದ್ದು. ಕನ್ನಡಕ ಬೇಕಾದವರಿಗೆ ನಮ್ಮಲ್ಲಿ ‘ಸೈಟ್ ಬಂದಿದೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಸೈಟ್ ಎಂದರೆ ದೃಷ್ಟಿಯೇ, ಅದು ಇದ್ದರೆ ಒಳ್ಳೆಯದೇ. ಹತ್ತಿರದ್ದು ಮಾತ್ರ ಸರಿಯಾಗಿ ಕಾಣುವುದಾದರೆ ‘ಶಾರ್ಟ್ ಸೈಟೆಡ್’ ಎನ್ನಿ. ಕಾಲು ಜೋಮು ಹಿಡಿದರೆ ‘ಪಿನ್ಸ್ ಆ್ಯಂಡ್ ನೀಡಲ್ಸ್’, ಮುಟ್ಟಿದ್ದೇ ತಿಳಿಯದಂತೆ ಮರಗಟ್ಟಿದರೆ ‘ನಮ್’. ನೋವನ್ನು ಬಣ್ಣಿಸುವ ಪದಕ್ಕೆ ಎಷ್ಟು ಬೆಲೆಯಿದೆಯೆಂದರೆ, ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ಅಂಥ 78 ಪದಗಳನ್ನು 20 ಗುಂಪು ಮಾಡಿ ರೋಗಿಗಳಿಗೆಂದೇ ಪ್ರಶ್ನಾವಳಿ ಪ್ರಕಟಿಸಿದರು. ಸಿಡಿಯುವ ನೋವು ಅಲ್ಲಿ ‘ತ್ರಾಬಿಂಗ್’, ಇರಿಯುವ ನೋವು ‘ಸ್ಟ್ಯಾಬಿಂಗ್’, ಉರಿಯುವುದು ‘ಬರ್ನಿಂಗ್’.

ಕಣ್ಣು ಮಂಜಾದರೆ ‘ಬ್ಲರ್ಡ್’, ಮರಳು ಬಿದ್ದಂತಿದ್ದರೆ ‘ಗ್ರಿಟಿ’, ಒಂದು ಎರಡಾಗಿ ಕಂಡರೆ ‘ಡಬಲ್ ವಿಷನ್’. ಇದ್ದಕ್ಕಿದ್ದಂತೆ ಕಣ್ಣೊಳಗೆ ಮಿಂಚು ಹೊಳೆದಂತಾಗಿ, ಕಪ್ಪು ಚುಕ್ಕೆಗಳು ತೇಲತೊಡಗಿದರೆ ‘ಫ್ಲ್ಯಾಶಸ್’, ‘ಫ್ಲೋಟರ್ಸ್’ ಎಂಬ ಎರಡು ಪದಗಳನ್ನು ಹೇಳಿ, ‘ಸಡನ್’ ಎಂಬುದನ್ನು ಮರೆಯದೆ ಸೇರಿಸಿ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪೊರೆಯಾದ ಅಕ್ಷಿಪಟಲ (ರೆಟಿನಾ) ಕಳಚುತ್ತಿರುವುದರ ಲಕ್ಷಣ ಅದಾಗಿರಬಹುದು, ಅಂದೇ ಪರೀಕ್ಷೆ ಆಗಬೇಕು. ಕಣ್ಣಿನ ಒಂದು ಬದಿಯಿಂದ ಪರದೆ ಇಳಿದಂತೆ ಕತ್ತಲು ಆವರಿಸಿದರೆ ಬೇರೆ ಪದ ಹುಡುಕಬೇಕಾಗಿಲ್ಲ. ‘ಕರ್ಟನ್’ ಎನ್ನಿ. ಅಲ್ಲಿಯ ವೈದ್ಯರು ಕೇಳುವ ಪದವೂ ಅದೇ.

ನಮಸ್ಕಾರ.